ಮಗ್ಗದ ಬೀದಿಯ ಹಗ್ಗ ನಾನು

ನಾನೊಂದು ಹಗ್ಗ. ಗುಬ್ಬಿ ಕಡೆಯ ತೆಂಗಿನ ನಾರು ನನ್ನ ಮೈ. ಮೂರು ಎಳೆ ಹೊಸೆದು ನನ್ನನ್ನು ಹುಟ್ಟಿಸಿದರು. ಹುಟ್ಟಿದ ಮೇಲೆ ಕೇಳಿದ್ದೂ 'ಎಳೆ, ಎಳೆ' ಎಂಬ ಕೂಗನ್ನೇ. ಅದಕ್ಕೇ ಇರಬೇಕು, ವಯಸ್ಸಾದರೂ ನಾನು ಎಳೆಯ.

ದೊಡ್ಡಬಳ್ಳಾಪುರದ ಒಂದು ಮಗ್ಗದ ಬೀದಿ ನನ್ನನ್ನು ಕೊಂಡಿತು. ವರ್ಷವಿಡೀ ವಠಾರದ ಒಡತಿ ಪುಟ್ಟತಾಯಮ್ಮನ ಅಟ್ಟದಲ್ಲಿ ನಿದ್ದೆ. ರಾಜ್ಯೋತ್ಸವದ ದಿನ ಮಾತ್ರ ಹಗ್ಗಜಗ್ಗಾಟ. ತೀರ್ಪು ಕೊಡುವವಳೂ ಆ ಮುದುಕಿಯೇ. ಬೀದಿಗೊಂದು ಪದ್ಧತಿಯಿತ್ತು: ಎರಡು ಕಡೆಯಲ್ಲಿ ಎಷ್ಟು ಜನ ಬೇಕಾದರೂ ಇರಬಹುದು, ಆದರೆ ನನ್ನನ್ನು ಮುಟ್ಟುವ ಮೊದಲು ಪ್ರತಿಯೊಬ್ಬರೂ ಎದೆಯುಬ್ಬಿಸಿ ತಮ್ಮ ಹಿರಿಯರ ಊರಿನ ಹೆಸರು ಕೂಗಬೇಕು.

ಆಗ ಮಗ್ಗಗಳು ಹಗಲೂ ಇರುಳೂ ಲಟಕ್ ಪಟಕ್ ಅನ್ನುತ್ತಿದ್ದವು. ಕೈಗಳು ಸಾಲದೆ ಬೀದಿಯ ಸಂಘದ ಅಧ್ಯಕ್ಷ ಚೌಡಪ್ಪ ತಾನೇ ರೈಲ್ವೆ ಸ್ಟೇಷನ್ನಿಗೆ ಹೋಗಿ ಒಡಿಶಾದವರನ್ನು ಕರೆತಂದ. ಮೈಕಿನಲ್ಲಿ ಅವರೆಲ್ಲ "ನಮ್ ಹುಡುಗ್ರು". ಅವರಲ್ಲಿ ಧ್ರುಬ ಆನೆಯಂಥ ಆಳು. ನನ್ನ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಕೊನೆಯಲ್ಲಿ ನಿಲ್ಲುತ್ತಿದ್ದ. ಮೊದಲ ವರ್ಷ ಅವನು "ಗಂಜಾಂ" ಎಂದು ಕೂಗಿದಾಗ ಶ್ರೀರಂಗಪಟ್ಟಣದ ಗಂಜಾಂ ಎಂದುಕೊಂಡು ಜನ ಚಪ್ಪಾಳೆ ತಟ್ಟಿದ್ದರು. ಅದು ಒಡಿಶಾದ ಗಂಜಾಂ ಎಂದು ತಿಳಿದ ಮೇಲೂ ತಟ್ಟಿದರು, ಗೆಲ್ಲಿಸುತ್ತಿದ್ದನಲ್ಲ.

ಆಮೇಲೆ ಮಾರುಕಟ್ಟೆ ಬಿತ್ತು. ಬೇರೆಲ್ಲಿಂದಲೋ ಅಗ್ಗದ ಸೀರೆ ಬಂದು ಅರ್ಧ ಮಗ್ಗಗಳ ಬಾಯಿ ಮುಚ್ಚಿತು. ಚೌಡಪ್ಪನ ಬಾಯಿ ತೆರೆಯಿತು. ಅದೇ ಮೈಕು, ಅದೇ ಗಂಟಲು. "ನಮ್ ಹುಡುಗ್ರು" ಈಗ "ಹೊರಗಿನೋರು". ಮೊದಲು "ಬಾರೋಓಓ" ಎಂದು ಎಳೆಯುತ್ತಿದ್ದವನು "ಹೋಗ್ರೋಓಓ" ಎಂದು ಎಳೆಯತೊಡಗಿದ. ನಲ್ಲಿಯಲ್ಲಿ ನೀರು ಬರದಿದ್ದರೂ ಅವರದೇ ತಪ್ಪು. ಧ್ರುಬನ ಮಗ್ಗವೂ ನಿಂತಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಆ ನವೆಂಬರಿನಲ್ಲಿ ಚೌಡಪ್ಪ ಹೊಸ ಆಟ ಹೂಡಿದ. "ಊರಿನೋರು ಒಂದ್ಕಡೆ, ಹೊರಗಿನೋರು ಒಂದ್ಕಡೆ. ಸೋತೋರು ಈ ತಿಂಗ್ಳೇ ರೂಮ್ ಖಾಲಿ ಮಾಡ್ಬೇಕು."

ಜನ ಹೋ ಎಂದರು. ಧ್ರುಬನ ಮಗಳು ಅದೇ ಬೀದಿಯ ಶಾಲೆಯಲ್ಲಿ ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲು ಆಗಷ್ಟೇ ಕಲಿತಿದ್ದಳು. ಆ ಕಡೆ ಆರು ಮಂದಿ "ಗಂಜಾಂ" ಎಂದು ಕೂಗಿ ನನ್ನನ್ನು ಹಿಡಿದರು. ಧ್ರುಬ ಎಂದಿನಂತೆ ನನ್ನ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಕೊನೆಯಲ್ಲಿ ನಿಂತ. ಈ ಕಡೆ ಮೂವತ್ತು ಜನರ ಸಾಲು.

"ಊರು ಕೂಗ್ರಪ್ಪ," ಎಂದಳು ಪುಟ್ಟತಾಯಮ್ಮ.

ಈ ಸಲ ಅದೆಲ್ಲ ಬೇಡ ಎಂದ ಚೌಡಪ್ಪ.

"ಕೂಗ್ದೆ ಮುಟ್ಟೋ ಹಂಗಿಲ್ಲ. ನಿಮ್ಮಪ್ಪನೇ ಮಾಡಿದ್ದ ಕಟ್ಟಳೆ ಕಣೋ."

ಮೊದಲಿಗನಾದ ಲೋಕನಾಥ, ಅಭ್ಯಾಸಬಲ ನೋಡಿ, ಎದೆಯುಬ್ಬಿಸಿ ಕೂಗಿಯೇಬಿಟ್ಟ: "ಧರ್ಮಾವರಂ!"

ಪುಟ್ಟತಾಯಮ್ಮ ಕೋಲೆತ್ತಿ ನಡುವಿನ ಗೆರೆಯಾಚೆ ತೋರಿಸಿದಳು. "ಆಂಧ್ರ ಆಯ್ತಲ್ಲಪ್ಪ. ಆಚೆ ಹೋಗು."

ಮುಂದಿನವನು ಷಣ್ಮುಗಂ, ಗೊಣಗಿದ. ಜೋರಾಗಿ ಹೇಳು ಎಂದಳು. "ಸೇಲಂ." "ಆಚೆ."

ಹೆಚ್ಚಿನವರೆಲ್ಲ ನೇಯ್ಗೆ ಹುಡುಕಿಕೊಂಡು ಬಂದವರ ಮೊಮ್ಮಕ್ಕಳೇ, ಒಬ್ಬೊಬ್ಬರಾಗಿ ಗೆರೆ ದಾಟಿದರು. ನನ್ನ ಈಚೆಯ ಮೈ ಹಗುರ, ಆಚೆಯದು ಭಾರ. ಅಪ್ಪಟ ಊರಿನವರು ನಾಲ್ಕೇ ನಾಲ್ಕು ಜನ. ಅವರು ಮುಖ ಮುಖ ನೋಡಿಕೊಂಡು, ಊಟದ ಹೊತ್ತಾಯಿತೆಂದು ಮನೆಯ ದಾರಿ ಹಿಡಿದರು. ಉಳಿದವನು ಚೌಡಪ್ಪ, ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ನಾನು.

"ಅಧ್ಯಕ್ಷ ಸಾರ್, ನಿಮ್ದು ಊರು?" ಕೇಳಿದವನು ಧ್ರುಬ.

ಚೌಡಪ್ಪ ತಲೆ ತಗ್ಗಿಸಿ ಮೆಲ್ಲಗೆ "ಹಿಂದೂಪುರ" ಎಂದ. ಅದೂ ಆಂಧ್ರವೇ. ಮೈಕು ಆನ್ ಇತ್ತು. ನಾಲ್ಕು ಬೀದಿಗೆ ಕೇಳಿಸಿತು.

"ಬನ್ನಿ ಸಾರ್," ಧ್ರುಬ ಒಂದು ಹೆಜ್ಜೆ ಹಿಂದೆ ಸರಿದ. "ಜಾಗ ಇದೆ."

ಚೌಡಪ್ಪ ನಿಂತ, ಕೆಮ್ಮಿದ, ಕೊನೆಗೆ ಗೆರೆ ದಾಟಿ ಅವನ ಮುಂದೆಯೇ ನನ್ನನ್ನು ಹಿಡಿದ. ಎಲ್ಲರೂ ಒಟ್ಟಿಗೆ ಎಳೆದರು. ಈಚೆ ಹಿಡಿಯುವವರೇ ಇಲ್ಲ! ಇಡೀ ಬೀದಿ ಅಂಗಾತ ಬಿದ್ದು, ಬಿದ್ದಲ್ಲೇ ನಕ್ಕಿತು.

"ಸೋತೋರು ಯಾರೂ ಇಲ್ಲ," ಪುಟ್ಟತಾಯಮ್ಮ ತೀರ್ಪು ಕೊಟ್ಟಳು. "ಯಾವ ರೂಮೂ ಖಾಲಿಯಾಗಲ್ಲ."

ಮಗ್ಗಗಳು ಇನ್ನೂ ಒಂದು ವರ್ಷ ಮೂಕವಾಗಿದ್ದವು. ಧ್ರುಬ ಲೋಕನಾಥನ ಜೊತೆ ಸುಣ್ಣ ಬಳಿಯಲು ಹೋಗಿ ಅಕ್ಕಿ ತಂದ. ಆದರೆ ಊರು ಬಿಡಲಿಲ್ಲ.

ಈಗ ನಾನು ಮುದಿ ಹಗ್ಗ, ವಠಾರದಲ್ಲಿ ಬಟ್ಟೆ ಒಣಗಿಸುವ ಕೆಲಸ. ಸೇಲಂ ಪಂಚೆ, ಗಂಜಾಂ ಗಮ್ಛಾ ಟವೆಲು ಪಕ್ಕಪಕ್ಕದಲ್ಲೇ ನನ್ನ ಮೇಲೆ ನೀರು ಸುರಿಸುತ್ತವೆ. ಮಗ್ಗಗಳು ಮತ್ತೆ ಲಟಕ್ ಪಟಕ್. ಚೌಡಪ್ಪನ "ಬಾರೋಓಓ" ಕೂಡ ವಾಪಸ್ಸು. ಮಾರುಕಟ್ಟೆ ಇನ್ನೊಮ್ಮೆ ಬೀಳುತ್ತದೆ, ಅವನ ನಾಲಿಗೆಯೂ ತಿರುಗೀತು, ಗೊತ್ತು. ಆಗಲೂ ಊರು ಕೂಗಿಯೇ ಹಗ್ಗ ಹಿಡಿಯಬೇಕು.

ಕಳೆದ ರಾಜ್ಯೋತ್ಸವದಲ್ಲಿ ಹೊಸ ಹಗ್ಗದ ಮುಂದೆ ನಿಂತು ಧ್ರುಬನ ಮಗಳು "ಗಂಜಾಂ!" ಎಂದು ಕೂಗಿದ ಜೋರಿಗೆ ನಾನು ಇಲ್ಲೇ ನಡುಗಿದೆ. ಒಂದು ಪಂಚೆ ಜಾರಿ ಬಿತ್ತು. ನಾನು ಬೀಳಲಿಲ್ಲ. ಎರಡು ತುದಿಗೂ ಗಂಟು ಗಟ್ಟಿಯಾಗಿದೆ.