ಹಲ್ಲಿಗೆ ಸಿಗದ ಹರಿದಳ

“ಉಗುಳ್ಬೇಡ ಕಣೇ, ಮುಂಡೆ! ಅದೂ ಮಾಲೇ!”

ಮೇಸ್ತ್ರಿ ಕೂಗಿದ. ಚಿಕ್ಕಮ್ಮ ಬಾಯಿ ಮುಚ್ಚಿಕೊಂಡು ತಗಡಿನ ಡಬ್ಬದತ್ತ ಬಗ್ಗಿದಳು. ಹಳದಿ ಎಂಜಲು ಡಬ್ಬಕ್ಕೇ ಬೀಳಬೇಕು. ಒಣಗಿಸಿ ಮತ್ತೆ ಅರೆಸುತ್ತಾರೆ.

ಅರೆಯುವವರು ನಾವು ಹನ್ನೊಂದು ಹೆಂಗಸರು. ಹರಿದಳದ ಕಲ್ಲು ಪಾಷಾಣದ ಜಾತಿ; ಭಾರ, ನೋಡಲು ಚಿನ್ನ. ತಟ್ಟಿದರೆ ಪದರ ಪದರವಾಗಿ ಬಿಡುತ್ತದೆ. ನುಣ್ಣಗಾಯಿತೋ ಇಲ್ಲವೋ ಹೇಳುವುದು ಚಿಕ್ಕಮ್ಮನ ಹಲ್ಲು. ಪ್ರತಿ ತಟ್ಟೆಯಿಂದಲೂ ಒಂದು ಚಿಟಿಕೆ ಎತ್ತಿ ಮುಂದಿನ ಹಲ್ಲುಗಳ ನಡುವೆ ಕಡಿಯುತ್ತಾಳೆ. ಕರಕರ ಎಂದರೆ ಮತ್ತೆ ಕಲ್ಲಿಗೆ. ಹಲ್ಲಿಗೆ ಸಿಗದಿದ್ದರೆ ಚೀಲಕ್ಕೆ. ಅರ್ಧ ಬಣ್ಣ ಮಾಡುವವರಿಗೆ ಹೋಗುತ್ತದೆ, ಅರ್ಧ ಚರ್ಮ ಹದ ಮಾಡುವಲ್ಲಿಗೆ. ಅಲ್ಲಿ ಸುಣ್ಣದ ಜೊತೆ ಕಲಸಿ ಬಳಿದರೆ ತೊಗಲಿನ ಕೂದಲು ಕೈಗೇ ಬರುತ್ತದಂತೆ.

“ಎಮ್ಮೆ ಕೂದ್ಲನ್ನೇ ಬಿಡ್ಸೋದು, ನನ್ನ ಕರುಳನ್ನ ಬಿಟ್ಟೀತಾ?” ಎಂದು ಚಿಕ್ಕಮ್ಮ ನಗುತ್ತಿದ್ದಳು. ಅಂಗೈ ತುಂಬ ಆಣಿಗಳೆದ್ದ ಮೇಲೆ ನಗು ಕಡಿಮೆಯಾಯಿತು. ಆ ವಾರವಂತೂ ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿರಲಿಲ್ಲ.

ದೊಡ್ಡಾಸ್ಪತ್ರೆಗೆ ಸೇರಿಸಿಕೊಳ್ಳಬೇಕಾದರೆ ಯಜಮಾನರ ಚೀಟಿ ಬೇಕು. ಅವತ್ತು ಕಾರ್ಖಾನೆ ತಪಾಸಣೆಗೆ ಇನ್ಸ್‌ಪೆಕ್ಟರ್ ಬಂದಿದ್ದರು. ಷೆಡ್ಡಿನೊಳಗೆ ಕಾಲಿಡಲಿಲ್ಲ, ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಮೂಗಿಗೆ ಕರವಸ್ತ್ರ ಒತ್ತಿ ಕೂತರು. ಪಕ್ಕದ ಕುರ್ಚಿಯಲ್ಲಿದ್ದ ಯಜಮಾನರು ಚಿಕ್ಕಮ್ಮನನ್ನು ಕರೆಸಿದರು. ತಟ್ಟೆ ಹಿಡಿದುಕೊಂಡೇ ಹೋದಳು. ನಾನು ಆಸರೆಗೆ ಹೋದೆ.

“ಇಲ್ಲೊಂದು ಹೆಬ್ಬೆಟ್ಟು ಒತ್ತು. ಚೀಟಿ ಈಗ್ಲೇ ಕೊಡ್ತೀನಿ.”

“ಏನ್ ಬರ್ದಿದೆ ಬುದ್ಧೀ?”

“ತಿಳ್ಕೊಂಡು ಏನ್ ಕಡಿದು ಕಟ್ಟೆ ಹಾಕ್ತೀಯಾ? ಒತ್ತೇ.”

ಚಿಕ್ಕಮ್ಮ ನನ್ನತ್ತ ತಿರುಗಿದಳು. “ಓದೇ.”

ನಮ್ಮಲ್ಲಿ ಅಕ್ಷರ ಬರುವುದು ನನಗೊಬ್ಬಳಿಗೆ. ಕಾಗದ ಇಸಿದುಕೊಂಡೆ. ತಪ್ಪಾಗಿ ಓದಿದೆನೇನೋ ಎಂದು ಮನಸ್ಸಿನಲ್ಲೇ ಎರಡು ಸಲ ಓದಿದೆ. ಚೀಟಿ ತಪ್ಪಿಹೋದರೆ ಪಾಪ ನನ್ನ ತಲೆಗೆ. ಆದರೂ ಗಟ್ಟಿಯಾಗಿ ಓದಿದೆ: ‘ಈ ಪುಡಿಯಿಂದ ಯಾವ ಅಪಾಯವೂ ಇಲ್ಲ. ನನ್ನ ಚರ್ಮರೋಗ ಹುಟ್ಟಿನಿಂದ ಬಂದದ್ದು.’

“ಹುಟ್ಟಿಂದ್ಲಾ?” ಚಿಕ್ಕಮ್ಮ ಯಜಮಾನರನ್ನು ದಿಟ್ಟಿಸಿದಳು. “ನಮ್ಮವ್ವ ನನ್ನ ಹೆತ್ತಾಗ ನೀವೇ ಸೂಲಗಿತ್ತಿ ಆಗಿದ್ರಾ?”

ಷೆಡ್ಡಿನೊಳಗೆ ಯಾರೋ ಕಿಸಕ್ಕೆಂದರು.

“ನಾಲಿಗೆ ಉದ್ದ ಆಯ್ತಾ, ಲೌಡಿ! ಚೀಟಿ ಬೇಕೋ ಬೇಡ್ವೋ?”

ಚಿಕ್ಕಮ್ಮ ಇಂಕಿನ ಡಬ್ಬಿಯತ್ತ ಕೈ ಚಾಚಿದಳು. ಒತ್ತಿಯೇಬಿಡುತ್ತಾಳೆ ಎಂದುಕೊಂಡೆ. ಕೈ ಡಬ್ಬಿಯನ್ನು ದಾಟಿ ತಟ್ಟೆಗೆ ಇಳಿಯಿತು. ಹಳದಿ ಹತ್ತಿದ ಹೆಬ್ಬೆರಳನ್ನು ಅವಳು ಯಜಮಾನರ ತುಟಿಯ ಹತ್ತಿರ ಹಿಡಿದಳು.

“ಅಪಾಯ ಇಲ್ವಲ್ಲ. ಇವತ್ತಿನ ಮಾಲು ನೀವೇ ಹಲ್ಲಲ್ಲಿ ಕಡ್ದು ನೋಡಿ. ಆಮೇಲೆ ಒತ್ತೀನಿ.”

ಯಜಮಾನರು ಹಿಂದೆ ಸರಿದರು. ಅವರ ಕುರ್ಚಿ ಉರುಳಿತು. ಅವಳು ಒಂದು ಹೆಜ್ಜೆ ಮುಂದಿಟ್ಟಳು.

“ಉಗುಳ್ಬೇಡಿ ಮತ್ತೆ. ಅದೂ ಮಾಲೇ.”

ಒಳಗೆ ಅರೆಯುವ ಕಲ್ಲುಗಳು ಒಂದೊಂದಾಗಿ ನಿಂತವು. ನಾನೂ ತಟ್ಟೆಗೆ ಬೆರಳದ್ದಿ ಇನ್ಸ್‌ಪೆಕ್ಟರರ ಕಡೆ ನಡೆದೆ.

ಅವರು ಕರವಸ್ತ್ರವನ್ನು ಮೂಗಿನಿಂದ ಬಾಯಿಗೆ ಇಳಿಸಿಕೊಂಡರು.