ಮೆಟ್ಟಿಲು ಗುಡಿಸುವ ವಾರ ಯಾರದು?

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಸಂಪಾದಕರು ಕೇಳಿದ್ದು ಲೇಖನ, ಕಥೆಯಲ್ಲ. "ನೀವು ಜರ್ಮನಿಯಲ್ಲಿ ಇಷ್ಟು ವರ್ಷದಿಂದ ಇದ್ದೀರಿ ಮೇಡಂ, ಅಮೆರಿಕಕ್ಕೂ ಹೋಗಿ ಬಂದಿದ್ದೀರಿ. ಅಮೆರಿಕ ಮತ್ತು ಯುರೋಪಿನ ದಿನನಿತ್ಯದ ಬದುಕು ಅಂತ ಒಂದು ತುಲನೆ ಬರೆದುಕೊಡಿ. ಲೈಟಾಗಿರಲಿ" ಅಂದರು. ಲೈಟಾಗಿಯೇ ಶುರು ಮಾಡಿದೆ.

'ಅಮೆರಿಕದಲ್ಲಿ ಫ್ರಿಜ್ ದೊಡ್ಡದು, ಯುರೋಪಿನಲ್ಲಿ ಚಿಕ್ಕದು. ಅಲ್ಲಿ ಹೋಟೆಲಿನಲ್ಲಿ ಕೂತ ಕೂಡಲೇ ಐಸ್ ಹಾಕಿದ ನೀರು ಪುಕ್ಕಟೆ, ಇಲ್ಲಿ ನೀರಿಗೂ ಬಿಲ್ಲು. ಅಲ್ಲಿ ಭಾನುವಾರ ಅಂಗಡಿ ತುಂಬ ಜನ, ಇಲ್ಲಿ ಭಾನುವಾರ ಗೋಡೆಗೆ ಒಂದು ಮೊಳೆ ಹೊಡೆದರೂ ಪಕ್ಕದ ಮನೆಯವರು ಬಂದು ಬೆಲ್ ಒತ್ತುತ್ತಾರೆ.'

ಇಷ್ಟು ಬರೆದು ಓದಿದೆ. ನನಗೇ ಆಕಳಿಕೆ ಬಂತು. (ನಿಮಗೂ ಬಂದಿದ್ದರೆ ಸಂಕೋಚ ಬೇಡ, ಬಾಯಿಗೆ ಕೈ ಅಡ್ಡ ಹಿಡಿದರೆ ಸಾಕು.) ಇದೆಲ್ಲ ಒಂದು ವಾರ ಪ್ರವಾಸ ಬಂದವರೂ ಬರೆಯುತ್ತಾರೆ. ಅಳಿಸಿಬಿಟ್ಟೆ. ಅದರ ಬದಲು ನನ್ನ ಕೆಳಗಿನ ಎರಡು ಮನೆಗಳ ಇಬ್ಬರು ಹೆಂಗಸರ ಸಂಗತಿ ಹೇಳುತ್ತೇನೆ. ಅವರಲ್ಲೊಬ್ಬಳು ಭಾನುವಾರ ಊರು ಬಿಡುತ್ತಿದ್ದಾಳೆ, ಅದೂ ಒಂದು ಪೊರಕೆಯ ಕಾರಣಕ್ಕೆ.

೨

ಸ್ಟುಟ್‌ಗಾರ್ಟ್ ಗುಡ್ಡದ ಊರು. ನಮ್ಮದು ಏರು ಓಣಿಯಲ್ಲಿ ಮೂರು ಅಂತಸ್ತಿನ ಹಳೇ ಕಟ್ಟಡ. ಕೆಳಗೆ ಗುಡ್ರುನ್ ಎಬರ್ಲೆ, ಎಪ್ಪತ್ತು ದಾಟಿದಾಕೆ, ಹುಟ್ಟಿದ್ದೇ ಈ ಮನೆಯಲ್ಲಿ. ನಡುವೆ ಮಾರ್ಲಿಸ್, ಅಮೆರಿಕದ ಅಯೋವಾದವಳು, ಮತ್ತು ಅವಳ ಗಂಡ ವೋಲ್ಕ್‌ಮಾರ್, ಈ ಊರಿನವನೇ. ಮೇಲೆ ನಾನು. ಮೂರು ಮನೆಗೂ ಸೇರಿ ಒಂದು ಮರದ ಹಲಗೆ ಇದೆ, 'ಗುಡಿಸುವ ವಾರ' ಎಂದು ಕೆತ್ತಿದ್ದು. ಅದು ಯಾರ ಬಾಗಿಲಿಗೆ ತೂಗುತ್ತದೋ ಮೆಟ್ಟಿಲು, ಹೊಸಿಲು, ಮುಂದಿನ ಫುಟ್‌ಪಾತು ಎಲ್ಲ ಆ ವಾರ ಅವರದು. ಶನಿವಾರ ಗುಡಿಸಿ, ಒರೆಸಿ, ಹಲಗೆಯನ್ನು ಮುಂದಿನವರ ಬಾಗಿಲಿಗೆ ತೂಗುಹಾಕಬೇಕು. ಗುಡ್ರುನ್ ಆದಮೇಲೆ ಮಾರ್ಲಿಸ್, ಮಾರ್ಲಿಸ್ ಆದಮೇಲೆ ನಾನು. ತಪ್ಪಿಸಿದರೆ ಯಾರೂ ಬೈಯುವುದಿಲ್ಲ. ಮಾತು ಬಿಡುತ್ತಾರೆ, ಅಷ್ಟೆ.

ಇನ್ನೊಂದು ವಿಷಯ. ಗುಡ್ರುನ್ ಆಡುವುದು ಈ ಸೀಮೆಯ ಜರ್ಮನ್; ಬರ್ಲಿನ್ನಿನವರು ಕೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ. ಹಾಗಾಗಿ ಆಕೆಗೆ ಧಾರವಾಡದ ಕನ್ನಡ ಕೊಟ್ಟಿದ್ದೇನೆ. ಮಾರ್ಲಿಸ್‌ಗೆ ಬೆಂಗಳೂರಿನದು. (ನನಗೆ ಬರುವುದು ಇವೆರಡೇ. ಮಂಗಳೂರಿನ ಓದುಗರು ಕ್ಷಮಿಸಬೇಕು.)

"ರೀ, ಬರಿಯೋ ಬಾಯಾರ," ಎಂದು ಗುಡ್ರುನ್ ಇಲ್ಲೇ ಅಡ್ಡ ಬಂದರು. "ಯಾರನ್ನ ಕೇಳಿ ನನ್ನ ಕಥಿಯಾಗ ಹಾಕೀರಿ?"

"ಹೆಸರು ಬದಲಾಯಿಸಿದ್ದೀನಿ ಗುಡ್ರುನ್."

"ಹೆಸರು ಬದಲ್ ಮಾಡಿದ್ರ ಏನಾತು? ಮೆಟ್ಟಲಾ ಸ್ವಚ್ಛ ಐತಿ ಅಂತ ಬರದ್ರ ಎಲ್ಲಾರಿಗೂ ಗೊತ್ತಾಗತೈತಿ. ಈ ಓಣ್ಯಾಗ ಅಂಥಾ ಮೆಟ್ಟಲಾ ಮತ್ತ ಯಾರ ಮನ್ಯಾಗ ಐತ್ರೀ?"

ಸ್ವಚ್ಛ ಇದೆ ಎಂದು ನಾನು ಎಲ್ಲೂ ಬರೆದಿರಲಿಲ್ಲ. ಈಗ ಆಕೆಯೇ ಬರೆಸಿದರು.

೪

(ಮೂರನೆಯದು ಬರೆದು ಹರಿದೆ. ಅದರಲ್ಲಿ ಹಿಮ ಬೀಳುತ್ತಿತ್ತು, ಚರ್ಚಿನ ಗಂಟೆ ಹೊಡೆಯುತ್ತಿತ್ತು. ಯುರೋಪ್ ಅಂದ ಕೂಡಲೇ ಹಿಮ ಬೀಳಿಸುವ ಚಟ ನನಗೂ ಇದೆ.)

ಮಾರ್ಲಿಸ್ ಬಂದ ಮೊದಲ ತಿಂಗಳು. ಮೆಟ್ಟಿಲಲ್ಲಿ ಗುಡ್ರುನ್ ಸಿಕ್ಕರು. ಮಾರ್ಲಿಸ್ ಕಿವಿಯವರೆಗೂ ನಕ್ಕು, "ಒಂದಿನ ಕಾಫಿಗೆ ಬನ್ನಿ!" ಅಂದಳು. ಅಯೋವಾದಲ್ಲಿ ಇದಕ್ಕೆ ನಮಸ್ಕಾರಕ್ಕಿಂತ ಹೆಚ್ಚಿನ ಅರ್ಥವೇನೂ ಇಲ್ಲ. ಗುಡ್ರುನ್ ಅಲ್ಲೇ ನಿಂತು ಚೀಲದಿಂದ ಡೈರಿ ತೆಗೆದರು.

"ಯಾವಾಗ್ರೀ? ತಾರೀಖು ಹೇಳ್ರಿ."

ಮಾರ್ಲಿಸ್ ಗಾಬರಿಯಾಗಿ ಬಾಯಿಗೆ ಬಂದ ತಾರೀಖು ಹೇಳಿ, ಮನೆಗೆ ಹೋಗುವಷ್ಟರಲ್ಲಿ ಮರೆತಳು. ಆ ದಿನ ಸರಿಯಾದ ಹೊತ್ತಿಗೆ ಗುಡ್ರುನ್ ಇಸ್ತ್ರಿ ಮಾಡಿದ ರವಿಕೆ ತೊಟ್ಟು, ಪ್ಲಮ್ ಹಣ್ಣಿನ ಕೇಕ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಾರ್ಲಿಸ್ ಪೈಜಾಮದಲ್ಲಿದ್ದಳು, ತಲೆಗೆ ಬಣ್ಣ ಹಚ್ಚಿಕೊಂಡಿದ್ದಳು.

"ನನ್ನ ಜನ್ಮದಲ್ಲಿ ಅಷ್ಟು ನಾಚ್ಕೆ ಆಗಿರ್ಲಿಲ್ಲ ಕಣೇ," ಎಂದು ಈಗಲೂ ಹೇಳುತ್ತಾಳೆ. "ಆದ್ರೆ ಆ ಯಮ್ಮ ಯಾಕೆ ಸೀರಿಯಸ್ಸಾಗಿ ತಗೋಬೇಕಿತ್ತು ಅಂತೀನಿ!"

ಗುಡ್ರುನ್ ಅವರನ್ನು ಕೇಳಿದರೆ: "ಕರದಾರ, ಹೋಗೀನಿ. ಕರೀಬಾರದು ಅಂತಿದ್ರ ಯಾಕ ಕರೀಬೇಕ್ರೀ?"

ಆಮೇಲೆ ಹಲಗೆ ಬಂತು. ಮಾರ್ಲಿಸ್ ಕೆಳಗಿನ ಮೆಟ್ಟಿಲಿಂದ ಶುರು ಮಾಡಿ ಮೇಲಕ್ಕೆ ಗುಡಿಸಿಕೊಂಡು ಹೋದಳು. ಗುಡಿಸಿದ ಮೆಟ್ಟಿಲ ಮೇಲೆಲ್ಲ ಮತ್ತೆ ಧೂಳು. ಅವಳ ಊರಿನ ಮನೆ ಒಂದೇ ಅಂತಸ್ತು, ಪಾಪ, ಮೆಟ್ಟಿಲು ಗುಡಿಸಿ ಏನು ಗೊತ್ತು! ಗುಡ್ರುನ್ ಒಂದು ಮಾತೂ ಆಡದೆ ಅವಳ ಬೆನ್ನಿಗೇ ಮೇಲಿನಿಂದ ಕೆಳಕ್ಕೆ ಪೂರ್ತಿ ಇನ್ನೊಮ್ಮೆ ಗುಡಿಸಿದರು. ಮಾರ್ಲಿಸ್ ಬಾಗಿಲು ಹಾಕಿಕೊಂಡು ಅತ್ತಳು. ವರ್ಷಗಳು ಕಳೆದರೂ ಅವಳು ಈಗಲೂ ಕೆಳಗಿನಿಂದಲೇ ಗುಡಿಸುತ್ತಾಳೆ. ಮೊದಲು ಅದು ಗೊತ್ತಿಲ್ಲದ್ದಕ್ಕೆ, ಈಗ ಹಟಕ್ಕೆ.

೫

ಇನ್ನು ಲೈಟಾಗಿ ಬರೆಯಲಾರೆ.

ಈ ವರ್ಷ ಫೆಬ್ರವರಿಯಲ್ಲಿ ವೋಲ್ಕ್‌ಮಾರ್ ತೀರಿಕೊಂಡ. ಹೃದಯ ನಿಂತಿತು. ನಾನು ಆಗ ಮೈಸೂರಿನಲ್ಲಿದ್ದೆ. ವಾಪಸು ಬರುವ ಹೊತ್ತಿಗೆ ಮಣ್ಣೂ ಆಗಿತ್ತು, ಮಾರ್ಲಿಸ್‌ಳ ಮುಖವೂ ಇಳಿದುಹೋಗಿತ್ತು.

ಅಯೋವಾದಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವ ಪ್ರಮೇಯವೇ ಬರುವುದಿಲ್ಲವಂತೆ. ಆಲೂಗಡ್ಡೆ, ಚೀಸ್ ಹಾಕಿ ಬೇಯಿಸಿದ್ದು, ಕೋಳಿ, ಪೈ, ಎಲ್ಲ ಅಕ್ಕಪಕ್ಕದಿಂದ ಬಂದು ಬೀಳುತ್ತದೆ. ಪಾತ್ರೆ ಅದಲುಬದಲಾಗದ ಹಾಗೆ ತಳಕ್ಕೆ ಟೇಪ್ ಅಂಟಿಸಿ ಹೆಸರು ಬರೆದಿರುತ್ತಾರೆ. ಮಣ್ಣಾದ ದಿನ ಸಂಜೆ ಮಾರ್ಲಿಸ್ ತನ್ನ ಚಿಕ್ಕ ಫ್ರಿಜ್ಜಿನ ಎರಡು ಶೆಲ್ಫ್ ಖಾಲಿ ಮಾಡಿ ಕಾದಳು. ಯಾರೂ ಬರಲಿಲ್ಲ. ಅಂಚೆಪೆಟ್ಟಿಗೆಯಲ್ಲಿ ಕಪ್ಪು ಅಂಚಿನ ಕಾರ್ಡುಗಳು ಬಂದು ಬಿದ್ದವು. ದುಃಖದ ಮನೆಯ ಬೆಲ್ ಒತ್ತಬಾರದು ಎನ್ನುವುದು ಇಲ್ಲಿಯವರ ಮರ್ಯಾದೆ.

"ಖಾಲಿ ಶೆಲ್ಫ್ ನೋಡ್ಕೊಂಡು ಕೂತಿದ್ದೆ ಕಣೇ," ಅಂದಳು ನನಗೆ. "ಒಂದು ಬ್ರೆಡ್ಡು ತಂದಿಟ್ಟಿದ್ರೂ ಸಾಕಾಗಿತ್ತು."

ಆಮೇಲೆ ಅವಳ ಸರದಿಯ ವಾರ ಬಂತು. ಹಲಗೆ ಬರಲಿಲ್ಲ. ಗುಡ್ರುನ್ ತಮ್ಮ ವಾರ ಗುಡಿಸಿ, ಇವಳ ವಾರವೂ ತಾವೇ ಗುಡಿಸಿ, ಹಲಗೆಯನ್ನು ನೇರ ನನ್ನ ಬಾಗಿಲಿಗೆ ತೂಗುಹಾಕಿದರು. ಮುಂದಿನ ಸರದಿಯಲ್ಲೂ ಹಾಗೇ, ಅದರ ಮುಂದಿನದ್ದರಲ್ಲೂ ಹಾಗೇ.

"ನೋಡ್ದಾ? ಅವನು ಹೋದ, ನನ್ನನ್ನ ಲೆಕ್ಕದಿಂದ ತೆಗೆದ್ರು. ಅವನ ಹೆಂಡ್ತಿ ಅಂತ ಸಹಿಸ್ಕೊಂಡಿದ್ರು ಅಷ್ಟೇ." ಭಾನುವಾರದ ವಿಮಾನಕ್ಕೆ ಟಿಕೆಟ್ ತೆಗೆದಿದ್ದಾಳೆ. ಅಯೋವಾದಲ್ಲಿ ತಂಗಿ ಜೋಲೀನ್ ಕೋಣೆ ಸಿದ್ಧ ಮಾಡಿದ್ದಾಳೆ. ಹಿಂದಿರುಗಿ ಬರುತ್ತೀಯಾ ಎಂದರೆ ಮಾತು ಬದಲಿಸುತ್ತಾಳೆ. ಮನೆ ಖಾಲಿ ಮಾಡುವ ವಿಷಯ ಮಾಲೀಕರಿಗೆ ಇನ್ನೂ ಹೇಳಿಲ್ಲ. ವೋಲ್ಕ್‌ಮಾರ್ ಮಾತ್ರ ಇಲ್ಲೇ ಗುಡ್ಡದ ಸ್ಮಶಾನದಲ್ಲಿದ್ದಾನೆ.

೫ (ಕೆಳಗಿನ ಮನೆಯಿಂದ)

ನಾನೇ ಕೆಳಗಿಳಿದು ಹೋದೆ. ಗುಡ್ರುನ್ ಆಲೂಗಡ್ಡೆ ಸುಲಿಯುತ್ತಿದ್ದರು.

"ಮಾರ್ಲಿಸ್ ಊರು ಬಿಡ್ತಿದಾಳೆ. ನೀವು ಹಲಗೆ ಕೊಡ್ತಿಲ್ಲ ಅಂತ."

ಚಾಕು ನಿಂತಿತು. "ಏನಂದ್ರಿ?"

ಇನ್ನೊಮ್ಮೆ ಹೇಳಿದೆ.

"ಅಕಿ ಗಂಡ ಸತ್ತಾನ್ರೀ! ಗಂಡ ಸತ್ತ ಹೆಣಮಗಳ ಕೈಯಾಗ ಕಸಬರಿಗಿ ಕೊಡ್ತಾರೇನ್ರೀ? ನೀವು ಕೊಡ್ತೀರೇನು?"

"ಹಾಗಂತ ಅವಳಿಗೆ ಹೇಳಬಹುದಿತ್ತಲ್ಲ?"

"ಹೇಳೂದೇನೈತಿ? ಮಾಡೀನಲ್ಲ." ಆಕೆ ಮತ್ತೆ ಸುಲಿಯತೊಡಗಿದರು. ಸಿಪ್ಪೆ ದಪ್ಪವಾಗಿ ಬರುತ್ತಿತ್ತು. "ಒಮ್ಮೆ ಕೇಳಿದ್ದೆ, ಮೆಟ್ಟಲಾ ಮ್ಯಾಲ. ಹೆಂಗದೀರಿ ಅಂತ. 'ಫೈನ್! ಆರಾಮಾಗಿದೀನಿ!' ಅಂದ್ಲು, ನಕ್ಕೋತ. ಗಂಡನ್ನ ಮಣ್ಣು ಮಾಡಿ ಇನ್ನೂ ವಾರ ಆಗಿಲ್ಲ, ಆರಾಮಾಗಿದೀನಿ ಅಂತಾಳ. ಒಬ್ಬಾಕಿನ ಇರಬೇಕಂತ ಕಾಣತೈತಿ, ಬ್ಯಾಡ, ಕೆಣಕೂದು ಬ್ಯಾಡ ಅಂತ ಬಿಟ್ಟೆ. ಅವನ ಗೋರಿ ಮ್ಯಾಲಿನ ಹೂವಿಗೆ ದಿನಾ ನೀರು ಯಾರು ಹಾಕ್ತಾರ ಅಂದಕೊಂಡೀರಿ? ಅದೂ ಹೇಳಬೇಕೇನು?"

ಓಡಿ ಮೇಲೆ ಬಂದು ಮಾರ್ಲಿಸ್‌ಗೆ ಎಲ್ಲ ಒದರಿದೆ. ಹೂವಿನ ವಿಷಯ ಕೇಳಿ ಅವಳ ಮುಖ ಒಂದು ಕ್ಷಣ ಸಡಿಲಾಯಿತು. ಆಮೇಲೆ ಸಿಟ್ಟು ಬಂತು.

"ಮತ್ತೆ ಒಂದ್ ಮಾತು ಹೇಳ್ಬಾರ್ದಿತ್ತಾ? ಆ ಯಮ್ಮಂಗೆ ಬಾಯಿಲ್ವಾ? ನೀನ್ ಬಂದು ಹೇಳಿದ್ರೆ ಅದು ನಿನ್ ಮಾತು. ನಂಗೆ ಅವ್ರ ಬಾಯಿಂದ ಬೇಕು."

ಇಲ್ಲಿ 'ಅಮೆರಿಕ ಹೇಳುತ್ತದೆ, ಯುರೋಪ್ ಮಾಡುತ್ತದೆ' ಎಂದು ಒಂದು ವಾಕ್ಯ ಬರೆದೆ. ಸಂಪಾದಕರು ಅದನ್ನು ದಪ್ಪಕ್ಷರದಲ್ಲಿ ಹಾಕುತ್ತಿದ್ದರು. ಅದಕ್ಕೇ ಹೊಡೆದುಹಾಕಿದೆ.

೬

ಈಗ ಮುಕ್ತಾಯದ ಜಗಳ. ಇಬ್ಬರೂ ನನ್ನ ಅಡುಗೆಮನೆಯ ಮೇಜಿನ ಎದುರುಬದುರು ಕೂತಿದ್ದಾರೆ ಎಂದುಕೊಳ್ಳಿ. (ಕೂತಿಲ್ಲ. ಅವರು ಒಟ್ಟಿಗೆ ಕೂತಿದ್ದು ಕಾಫಿಯ ಆ ದಿನವೇ ಕೊನೆ. ಕಥೆಯಲ್ಲಾದರೂ ಕೂರಲಿ ಅಂತ.)

ಮಾರ್ಲಿಸ್ ಕೇಳಿದ್ದು: "ಗುಡ್ರುನ್ ನನ್ ಬಾಗಿಲು ತಟ್ಟಲಿ. ಕೈಯಲ್ಲಿ ಬಿಸಿಬಿಸಿ ಪಾತ್ರೆ, ತಳಕ್ಕೆ ಟೇಪು, ಹೆಸರು. ನಾನು ಅವ್ರನ್ನ ತಬ್ಕೋತೀನಿ. ಟಿಕೆಟ್ ಹರಿದು ಹಾಕ್ತೀನಿ. ಜನಕ್ಕೆ ಒಂದು ಸಮಾಧಾನ ಬೇಡ್ವೇನೇ?"

ಬರೆದೆ. ಪಾತ್ರೆಯಲ್ಲಿ ಹಬೆ ಕೂಡ ಏಳಿಸಿದೆ.

"ಹೊಡದ್ ಹಾಕ್ರಿ ಅದನ್ನ," ಎಂದರು ಗುಡ್ರುನ್. "ನಾ ಯಾರನ್ನೂ ತಬ್ಬಂಗಿಲ್ಲ. ನನ್ನ ತಂಗೀನ್ನ ತಬ್ಬಿಲ್ಲ. ಮತ್ತ ಟಿಕೆಟ್ ಯಾಕ ಹರೀತಾರ, ರೊಕ್ಕ ಹಾಳು."

"ಸರಿ, ನಿಮಗೆ ಹೇಗೆ ಮುಗಿಯಬೇಕು?"

"ಅಕಿ ಹೋಗ್ತಾಳ. ಬಾಗಲಾ ಮುಚ್ಚೈತಿ. ನಾ ಮೆಟ್ಟಲಾ ಕಸಾ ಹೊಡೀತೀನಿ. ಮುಗೀತು."

"ಅಷ್ಟೇನಾ?" ಎಂದು ಮಾರ್ಲಿಸ್ ಕಿರುಚಿದಳು. "ಇದು ಕಥೆನಾ? ಇಲ್ಲಿ ಸಿನಿಮಾನೂ ಹಿಂಗೇ ಕಣೇ, ಯಾರೋ ಕಿಟಕಿ ನೋಡ್ತಾ ನಿಂತಿರ್ತಾರೆ, ಲೈಟ್ ಬಂದ್ಬಿಡುತ್ತೆ, ಎದ್ದು ಮನೆಗೆ ಹೋಗು!"

"ಮತ್ತ ನಿಮ್ಮಾವು? ಎಲ್ಲಾರೂ ಬದುಕಿರ್ತಾರ, ಎಲ್ಲಾರ ಹಲ್ಲೂ ಬೆಳ್ಳಗಿರ್ತಾವು."

ಮೊದಲ ಬಾರಿಗೆ ಇಬ್ಬರೂ ಒಂದೇ ಹೊತ್ತಿಗೆ ನಕ್ಕರು. ಖುಷಿಯಾಯಿತು ನನಗೆ. ಆದರೆ ಅದು ನಾನು ಬರೆದ ನಗು, ನಂಬಬೇಡಿ. ನಿಜವಾಗಿ ಆ ಸಂಜೆ ಮಾರ್ಲಿಸ್ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ಗುಡ್ರುನ್ ಕೆಳಗೆ ಏನು ಮಾಡುತ್ತಿದ್ದರು ಎಂದು ಗೊತ್ತಿಲ್ಲ.

೭

ಇವತ್ತು ಶನಿವಾರ. ನಾನು ಮೇಜಿನ ಮುಂದೆ ಕೂತು ಎರಡೂ ಮುಕ್ತಾಯಗಳನ್ನು ಹೊಡೆದುಹಾಕುತ್ತಿದ್ದೇನೆ. ಕೆಳಗಿನಿಂದ ಭಾರದ ಹೆಜ್ಜೆ ಏರಿ ಬಂತು, ನಡುವಿನ ಅಂತಸ್ತಿನಲ್ಲಿ ನಿಂತಿತು. ಮರಕ್ಕೆ ಮರ ಬಡಿದ ಸದ್ದು. ಹೆಜ್ಜೆ ಮತ್ತೆ ಇಳಿದುಹೋಯಿತು.

ಹಲಗೆ. ಮಾರ್ಲಿಸ್‌ಳ ಬಾಗಿಲಿಗೆ! ನಾಳೆ ವಿಮಾನ ಹತ್ತುವವಳಿಗೆ ಇವತ್ತು ಮೆಟ್ಟಿಲ ಸರದಿ!

(ನಾನು ಇದನ್ನು ಬರೆದಿಲ್ಲ. ಬರೆಯಬೇಕೆಂದರೂ ನನಗೆ ಹೊಳೆಯುತ್ತಿರಲಿಲ್ಲ. ಅಯ್ಯೋ, ಇದನ್ನು ಅವಳು ಹೇಗೆ ತೆಗೆದುಕೊಳ್ಳುತ್ತಾಳೋ. 'ಹೋಗುವ ಮುಂಚೆ ಗುಡಿಸಿ ಹೋಗು' ಅಂತಲೋ, 'ನಿನ್ನ ಸರದಿ ಇನ್ನೂ ಇದೆ' ಅಂತಲೋ. ಕೆಳಗೆ ಓಡಿ ಅರ್ಥ ಹೇಳಿಬಿಡಲೇ ಎಂದು ಕಾಲು ಹುರಿಗೊಂಡಿತು. ಹೋಗಲಿಲ್ಲ. ನನ್ನ ಬಾಯಿಯ ಮಾತು ಅವಳಿಗೆ ಬೇಡವಲ್ಲ.)

ಬಾಗಿಲು ತೆರೆದ ಸದ್ದು. ಆಮೇಲೆ ಯಾರೋ ಇಳಿದು ಹೋದರು, ಪೊರಕೆಯ ಸದ್ದು ಶುರುವಾಯಿತು. ಕೆಳಗಿನ ಮೆಟ್ಟಿಲಿಂದ. ಒಂದೊಂದೇ ಮೆಟ್ಟಿಲು ಮೇಲಕ್ಕೆ ಬರುತ್ತಿದೆ. ಈ ಮನೆಯಲ್ಲಿ ಹಾಗೆ ಗುಡಿಸುವವಳು ಒಬ್ಬಳೇ.

ನನ್ನ ಕಣ್ಣು ತುಂಬಿತು. ಆದರೆ ಎದ್ದು ಬಾಗಿಲು ತೆರೆಯಲಿಲ್ಲ. ತೆರೆದರೆ ಮುಖ ಕಾಣುತ್ತದೆ, ಕಂಡರೆ ನಾನು ಬರೆದು ಮುಗಿಸಿಬಿಡುತ್ತೇನೆ. ಬಾಗಿಲ ಸಂದಿಯಿಂದ ಧೂಳು ಒಳಗೆ ಬಂತು.

ಆಗ ಕೆಳಗಿನಿಂದ ಗುಡ್ರುನ್ ಕೂಗಿದರು. ಇಷ್ಟು ವರ್ಷದಲ್ಲಿ ಆಕೆ ಮೆಟ್ಟಿಲಲ್ಲಿ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

"ಮ್ಯಾಲಿಂದ ಕೆಳಗ ಕಸಾ ಹೊಡೀಬೇಕ್ರೀ! ಎಷ್ಟು ವರ್ಷ ಆತು, ಇನ್ನೂ ತಿಳಿವಲ್ದೇನು!"

ಪೊರಕೆ ನಿಂತಿತು.

"ಆಯ್ತು ಬಿಡಿ!" ಎಂದಳು ಮಾರ್ಲಿಸ್. ದನಿಯಲ್ಲಿ ನಗು ಇತ್ತೋ ಅಳು ಇತ್ತೋ. "ಮುಂದಿನ ಸಲ ಮೇಲಿಂದ ಗುಡಿಸ್ತೀನಿ!"

ಇಷ್ಟು ಓದಿದ ನಿಮಗೆ ಗೊತ್ತು, ಇಂಥ ಮಾತಿಗೆ ಅಯೋವಾದಲ್ಲಿ ಎಷ್ಟು ಬೆಲೆ ಎಂದು. ಗುಡ್ರುನ್‌ಗೂ ಗೊತ್ತಾಗಿರಬೇಕು. ಕೆಳಗಿನ ಬಾಗಿಲು ಕಿರ್ರೆಂದಿತು, ಹೆಜ್ಜೆ ಎರಡು ಮೆಟ್ಟಿಲು ಏರಿತು. ಹಾಳೆ ಮಗುಚಿದ ಸದ್ದು ನನಗೆ ಇಲ್ಲಿಯವರೆಗೂ ಕೇಳಿಸಿತು.

"ಯಾವಾಗ್ರೀ? ತಾರೀಖು ಹೇಳ್ರಿ."