ಪುಟಸಂಖ್ಯೆ ಮೇಡಂ

ಅವರ ತಲೆ ಸದಾ ಬಲಕ್ಕೆ ವಾಲಿರುತ್ತಿತ್ತು. ನೆಟ್ಟಗೆ ನಿಂತ ಪುಸ್ತಕಗಳ ಬೆನ್ನ ಮೇಲೆ ಅಡ್ಡಡ್ಡ ಮಲಗಿದ ಹೆಸರುಗಳನ್ನು ಇಪ್ಪತ್ತಾರು ವರ್ಷ ಓದಿ ಓದಿ, ಕೊರಳು ಆ ಕೋನದಲ್ಲೇ ನೆಲೆನಿಂತುಬಿಟ್ಟಿತ್ತು. ರಸ್ತೆಯಲ್ಲೂ ಅವರು ಗೋಡೆಯ ಪಕ್ಕಕ್ಕೇ ನಡೆಯುವರು. ಕಪಾಟಿನ ಸಾಲನ್ನು ತಪಾಸಣೆ ಮಾಡುವವರಂತೆ ನಾಲ್ಕು ಹೆಜ್ಜೆ ಇಟ್ಟು, ಅರೆಗಳಿಗೆ ನಿಂತು, ಮತ್ತೆ ನಾಲ್ಕು ಹೆಜ್ಜೆ. ಮನುಷ್ಯರನ್ನು ನೋಡುವಾಗಲೂ ಅದೇ ವಾಲು. ಮೊದಲ ಭೇಟಿಯಲ್ಲಿ, ನನ್ನ ಬೆನ್ನ ಮೇಲೆ ಬರೆದಿದ್ದೇನನ್ನೋ ಈ ಹೆಂಗಸು ಎದುರಿನಿಂದಲೇ ಓದುತ್ತಿದ್ದಾರೆ ಎಂಬ ಸಂಶಯ ಬಂದು ನಾನು ಕುರ್ಚಿಯಲ್ಲಿ ಎರಡು ಸಲ ಸರಿದು ಕೂತಿದ್ದೆ.

ಗ್ರಂಥಾಲಯದಲ್ಲಿ ಅವರದು ಅರ್ಧ ಹೊತ್ತಿನ ಹುದ್ದೆ. ಮೊದಲು ಪೂರ್ತಿಯದೇ ಇತ್ತು. ಆಡಳಿತ ಮಂಡಳಿಯವರು ಯಾವುದೋ ವರ್ಷ ಅದನ್ನು ಕತ್ತರಿಸಿ ಮಧ್ಯಾಹ್ನ ಎರಡರಿಂದ ಸಂಜೆ ಏಳಕ್ಕೆ ತಂದು ನಿಲ್ಲಿಸಿದರು. ಬೇರೆಯವರಾಗಿದ್ದರೆ ಗೊಣಗುತ್ತ ಕೂರುತ್ತಿದ್ದರೇನೋ. ಇವರು ಬೆಳಗಿನ ಹೊತ್ತನ್ನು ಊರಿಗೆ ಹಂಚಿಬಿಟ್ಟರು. ನಾನು ಕೆಲಸಕ್ಕಿದ್ದ ಪ್ರಕಾಶನಕ್ಕೆ ಕರಡು ತಿದ್ದುವುದು, ದಪ್ಪ ಪುಸ್ತಕಗಳ ಕೊನೆಗೆ ಯಾವ ವಿಷಯ ಯಾವ ಪುಟದಲ್ಲಿದೆ ಎಂದು ತಿಳಿಸುವ ಪದಸೂಚಿ ಕಟ್ಟುವುದು, ಕಣ್ಣು ಕಾಣದವರ ಶಾಲೆಗೆ ಪಾಠಗಳನ್ನು ಓದಿ ಧ್ವನಿಮುದ್ರಿಸುವುದು, ನಿವೃತ್ತ ನ್ಯಾಯಾಧೀಶರ ಮನೆಯ ಪುಸ್ತಕರಾಶಿಗೆ ಒಂದು ಕ್ರಮ ತರುವುದು, ಬಣ್ಣ ಬಳಿಯುವ ಮುಂಚೆ ಅಂಗಡಿ ಬೋರ್ಡಿನ ಕಾಗುಣಿತ ನೋಡಿಕೊಡುವುದು. ಇಷ್ಟು ಕೆಲಸಗಳಿಗೆ ಬೇಕಾದ ಸಾಮಾನೆಲ್ಲ ಒಂದು ಉದ್ದನೆಯ ಬೂದುಬಣ್ಣದ ಕೋಟಿನಲ್ಲಿ ಇರುತ್ತಿತ್ತು. ಕೋಟು ಹೊಲಿದವನು ಅವರ ತಮ್ಮ, ದರ್ಜಿ. ಹೊಸ ಕೆಲಸ ಹಿಡಿದಾಗಲೆಲ್ಲ ಅವರು ಹೊಸ ಜೇಬು ಕೇಳುತ್ತಿದ್ದರು. ಒಂಬತ್ತನೆಯದನ್ನು ಕೇಳಿದ ದಿನ ಅವನು ಸೂಜಿ ಕೆಳಗಿಟ್ಟು, “ಅಕ್ಕಾ, ಇದು ಕೋಟೋ, ಅಲಮಾರೋ? ಇನ್ಮೇಲೆ ಬಡಗಿ ಹತ್ರ ಹೋಗು” ಎಂದನಂತೆ.

‘ಪುಟಸಂಖ್ಯೆ’ ಎಂಬ ಅಡ್ಡಹೆಸರು ಇಟ್ಟವರು ನಮ್ಮ ಮುದ್ರಣಾಲಯದವರು. ಮಾತಿನ ಮಧ್ಯೆ ಯಾರಾದರೂ ದಾರಿ ತಪ್ಪಿ, ಅಳಿಯನ ವಿಷಯದಿಂದ ಅಳಿಯನ ಸ್ಕೂಟರಿಗೆ, ಸ್ಕೂಟರಿನಿಂದ ಸೊಂಟನೋವಿಗೆ ಹೊರಳಿದರೆ, ಮೇಡಂ ತೋರುಬೆರಳೆತ್ತಿ “ಅದು ಬೇರೆ ಕಡೆ ಬರುತ್ತೆ” ಎನ್ನುವರು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಸೊಂಟನೋವಿಗೂ ಒಂದು ಪುಟವಿದೆ, ಅದು ಇದಲ್ಲ, ಅಷ್ಟೆ. ಎಂಥ ವಾಚಾಳಿಯೂ ಆ ಬೆರಳಿಗೆ ಬಗ್ಗುತ್ತಿದ್ದ.

ಒಂದು ಹಟ ಮಾತ್ರ ನಮಗೆಲ್ಲ ತಲೆನೋವಾಗಿತ್ತು. ಪದಸೂಚಿಯನ್ನು ಯಾರೇ ಆಗಲಿ ಅಚ್ಚಿನ ಪುಟಗಳು ಸಿದ್ಧವಾದ ಮೇಲೆ ಮಾಡುತ್ತಾರೆ. ಇವರು ಹಸ್ತಪ್ರತಿ ಕೈಗೆ ಬಂದ ದಿನವೇ ಶುರುಮಾಡುವರು; ಒಂದೊಂದು ವಿಷಯಕ್ಕೂ ಒಂದೊಂದು ರಟ್ಟಿನ ಚೀಟಿ, ಮೂಲೆಯಲ್ಲಿ ಪೆನ್ಸಿಲಿನಿಂದ ಹಾಳೆಯ ಸಂಖ್ಯೆ, ಕೆಳಗೆ ಯಾರು ಏನು ಎತ್ತ ಎಂದು ಅರ್ಧ ಸಾಲು. ಅಚ್ಚಾದ ಮೇಲೆ ಎಲ್ಲ ಸಂಖ್ಯೆಗಳನ್ನೂ ಅಳಿಸಿ ಮತ್ತೆ ಬರೆಯುವರು. “ಎರಡು ಸಲ ಮಾಡೋ ಕೆಲಸ ಯಾಕೆ ಮೇಡಂ?” ಎಂದು ನಾನೇ ಎಷ್ಟೋ ಸಲ ಕೇಳಿದ್ದೇನೆ. “ಮೊದಲ ಸಲ ಓದುವಾಗ ಕಂಡಿದ್ದು ಎರಡನೇ ಸಲ ಕಾಣಲ್ಲ” ಎನ್ನುವರು. ನಾವು ಅವರ ಬೆನ್ನ ಹಿಂದೆ ನಗುತ್ತಿದ್ದೆವು.

ಆ ನಗುವಿಗೆ ನಾನೇ ನಾಚಬೇಕಾದ ದಿನವೊಂದು ಬಂತು.

ಎಂಬತ್ತೊಂದು ವರ್ಷದ ಸೂಲಗಿತ್ತಿಯೊಬ್ಬರು, ನಲವತ್ತು ವರ್ಷ ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದವರು, ತಮ್ಮ ಅನುಭವವನ್ನು ಹದಿನೇಳು ನೋಟ್‌ಬುಕ್ಕುಗಳಲ್ಲಿ ಬರೆದು ನಮಗೆ ಕೊಟ್ಟಿದ್ದರು. ಅಂಥ ಬರಹ ನನ್ನ ಕೈಗೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಮೇಡಂ ಎರಡು ತಿಂಗಳು ಅವನ್ನು ಇಟ್ಟುಕೊಂಡು ಚೀಟಿ ಬರೆದು ಹಿಂದಿರುಗಿಸಿದರು. ಇರುವುದು ಒಂದೇ ಪ್ರತಿ, ಜೋಪಾನ ಎಂದು ಮೂರು ಸಲ ಹೇಳಿದರು. ಇವತ್ತು ನಾಳೆ ಎಂದು ಮುಂದೂಡುತ್ತ ಬಂದ ನಾನು ಕೊನೆಗೊಂದು ಬೆಳಿಗ್ಗೆ, ಪ್ರತಿ ಮಾಡಿಸಲೆಂದೇ ನೋಟ್‌ಬುಕ್ಕುಗಳನ್ನು ಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ಇಳಿಯುವಾಗ ಕೈಯಲ್ಲಿ ಛತ್ರಿ ಇತ್ತು, ಚೀಲ ಇರಲಿಲ್ಲ. ಡಿಪೋ, ಪೊಲೀಸು, ಪತ್ರಿಕೆಯ ಜಾಹೀರಾತು, ಹತ್ತು ದಿನ ಊರೆಲ್ಲ ಜಾಲಾಡಿದೆ. ಆ ಚೀಲ ಇವತ್ತಿಗೂ ಸಿಕ್ಕಿಲ್ಲ.

ಹನ್ನೊಂದನೆಯ ದಿನ ಗ್ರಂಥಾಲಯಕ್ಕೆ ಹೋದೆ. ಮೇಡಂ ಪುಸ್ತಕಗಳಿಗೆ ದಿನಾಂಕದ ಮುದ್ರೆ ಒತ್ತುತ್ತಿದ್ದರು. ನಾನು ತೊದಲುತ್ತ ವಿಷಯ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ. ಸಾಲಿನಲ್ಲಿದ್ದ ಮೂವರಿಗೂ ಪುಸ್ತಕ ಕೊಟ್ಟು ಕಳಿಸಿ, ಮುದ್ರೆಯನ್ನು ಅದರ ಡಬ್ಬಿಯಲ್ಲಿಟ್ಟು, ಆಮೇಲೆ ನನ್ನನ್ನು ನೋಡಿದರು. ಬೈಗುಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ.

“ಚೀಟಿಗಳೆಲ್ಲ ನನ್ನ ಹತ್ರ ಇವೆ” ಎಂದರು. “ಸಾವಿರದ ಒಂಬೈನೂರು ಚಿಲ್ಲರೆ.”

“ಚೀಟಿಯಿಂದ ಪುಸ್ತಕ ಬರುತ್ತಾ ಮೇಡಂ?”

“ಪುಸ್ತಕದಿಂದ ಚೀಟಿ ಬರಲಿಲ್ವಾ? ದಾರಿ ಅದೇ. ವಾಪಸ್ ನಡೆಯೋಣ. ಆದ್ರೆ ಅಜ್ಜಿಗೆ ನೀವೇ ಹೇಳಬೇಕು. ಅದು ನಿಮ್ಮ ಕೆಲಸ.”

ಹೇಳಿದೆ. ಅಜ್ಜಿ ತಮ್ಮ ಅಂಗೈ ನೋಡಿಕೊಂಡರು. “ಬರೆಯೋಕೆ ಒಂಬತ್ತು ವರ್ಷ ಹಿಡೀತು ಮಗಾ. ಇನ್ನೊಂದು ಒಂಬತ್ತು ವರ್ಷ ನಾನು ಎಲ್ಲಿಂದ ತರಲಿ?” ಎಂದರು. ಬಾಗಿಲವರೆಗೆ ಬಂದ ಅವರ ಮಗಳು ತಗ್ಗಿದ ದನಿಯಲ್ಲಿ, “ಅಮ್ಮನಿಗೆ ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರಲ್ಲ. ಸುಮ್ನೆ ಆಸೆ ಹುಟ್ಟಿಸಬೇಡಿ” ಎಂದಳು. ಅದನ್ನೇ ಹೋಗಿ ಮೇಡಂಗೆ ಒಪ್ಪಿಸಿದೆ.

ಮೇಡಂ ಮಾತ್ರ ಜಗ್ಗಲಿಲ್ಲ. ರಜಾದಿನ ವಾಚನಾಲಯದ ಉದ್ದನೆಯ ಮೇಜಿನ ಮೇಲೆ, ತಾವೇ ಅಕಾರಾದಿಯಾಗಿ ಜೋಡಿಸಿದ್ದ ಚೀಟಿಗಳನ್ನು ಬಿಚ್ಚಿ, ಮೂಲೆಯ ಪೆನ್ಸಿಲ್ ಸಂಖ್ಯೆ ನೋಡಿ ನೋಡಿ ನೋಟ್‌ಬುಕ್ಕಿನ ಕ್ರಮಕ್ಕೆ ತಂದರು. ನಾನು ಪಕ್ಕದಲ್ಲಿ ಕೂತು ಕೈಗೆ ಕೊಡುತ್ತಿದ್ದೆ. ಸಂಜೆಯ ಹೊತ್ತಿಗೆ ಕಳೆದುಹೋದ ಪುಸ್ತಕದ ಅಸ್ಥಿಪಂಜರ ಮೇಜಿನುದ್ದಕ್ಕೂ ಮಲಗಿತ್ತು. ಮರುದಿನ ಬೆಳಿಗ್ಗೆ ಏಳು ಗಂಟೆಗೆ, ಪಾಠ ಓದಿ ಧ್ವನಿಮುದ್ರಿಸುವ ಯಂತ್ರವನ್ನು ಒಂದು ಜೇಬಿಗೂ ಮೊದಲ ಐವತ್ತು ಚೀಟಿಗಳನ್ನು ಇನ್ನೊಂದಕ್ಕೂ ಇಳಿಸಿಕೊಂಡು ಅಜ್ಜಿಯ ಮನೆಗೆ ಹೋದರು.

ಎರಡು ದಿನ ಏನೂ ಆಗಲಿಲ್ಲ. ಚೀಟಿ ಓದುವುದು, ಅಜ್ಜಿ ನೆನಪಿಲ್ಲವೆಂದು ತಲೆಯಾಡಿಸುವುದು. ಮೂರನೆಯ ದಿನ ನಾನೂ ಇದ್ದೆ. “ಹಳದಿ ಬಾಗಿಲು. ಮೂರು ಸಲ ಬಡಿದದ್ದು” ಎಂದು ಮೇಡಂ ಓದಿದರು. ಅಜ್ಜಿಯ ಬೆರಳುಗಳು ಒಂದಕ್ಕೊಂದು ಉಜ್ಜಿಕೊಳ್ಳತೊಡಗಿದವು.

“ಹಳದಿ ಬಾಗಿಲಾ... ಅದಕ್ಕೆ ಆಗ ತಾನೇ ಬಣ್ಣ ಬಳಿದಿದ್ರು ತಾಯಿ. ಬಡಿದೆ ನೋಡು, ಕೈಗೆಲ್ಲ ಮೆತ್ಕೊಂತು. ಆ ಕೈಯಲ್ಲಿ ಮಗು ಹಿಡಿಯೋದು ಹೇಗೆ? ಸೀಮೆಎಣ್ಣೆ ಹಾಕಿ ಉಜ್ಜಿದೆ, ಸೋಪು ಹಾಕಿದೆ, ಬಿಸಿನೀರು ಹಾಕಿದೆ. ಅಲ್ಲೀವರೆಗೆ ಆ ಮಗು ಕಾಯ್ತಾ ಇತ್ತು. ಮರ್ಯಾದಸ್ಥ ಮಗು!”

ಆಮೇಲೆ ಒಂದು ಗಂಟೆ ಅಜ್ಜಿ ನಿಲ್ಲಿಸಲಿಲ್ಲ. ಬಾಗಿಲಿನಿಂದ ಬಣ್ಣದವನಿಗೆ, ಬಣ್ಣದವನಿಂದ ಅವನ ಹೆಂಡತಿಯ ಅವಳಿ ಮಕ್ಕಳಿಗೆ ಮಾತು ಹರಿಯಿತು. ನಾನು ಮೇಡಂ ಬೆರಳನ್ನೇ ನೋಡುತ್ತಿದ್ದೆ. ಅದು ಮೇಲೇಳಲಿಲ್ಲ. ಆ ಮನೆಯಲ್ಲಿ ಅವರು ಏಳು ತಿಂಗಳು ಕೂತರು, ಒಂದೇ ಒಂದು ಸಲವೂ “ಬೇರೆ ಕಡೆ ಬರುತ್ತೆ” ಎನ್ನಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳುತ್ತಿದ್ದ ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದವಳು, ನಾಳೆಯಿಂದ ನಿಮ್ಮ ತಿಂಡಿಯೂ ಇಲ್ಲೇ ಎಂದು ಅಲ್ಲಿಂದಲೇ ಕೂಗಿ ಹೇಳಿದಳು.

ನೂರನಲವತ್ತು ಚೀಟಿಗಳಿಗೆ ಅಜ್ಜಿಯ ನೆನಪು ಕೈಕೊಟ್ಟಿತು. ಅವುಗಳಲ್ಲಿದ್ದ ಮನೆಗಳನ್ನೂ ಮನುಷ್ಯರನ್ನೂ ಮೇಡಂ ಗ್ರಂಥಾಲಯದ ಸದಸ್ಯರ ಪಟ್ಟಿಯಲ್ಲಿ ಹುಡುಕಿದರು. ಪುಸ್ತಕ ಹಿಂದಿರುಗಿಸಲು ಬಂದ ಅಂಚೆಯವನನ್ನು ತಡೆದು, “ನೀವು ಹುಟ್ಟಿದ್ದು ಸೇತುವೆ ಪಕ್ಕದ ಮನೇಲಿ ತಾನೆ? ನಿಮ್ಮಮ್ಮ ಆ ದಿನದ್ದು ಏನಾದ್ರೂ ಹೇಳಿದ್ರಾ?” ಎಂದು ಕೇಳಿದರು. ಅವನು ಕಕ್ಕಾಬಿಕ್ಕಿಯಾಗಿ, ಮನೆಗೆ ಹೋಗಿ, ತಾಯಿಯನ್ನೇ ಕೈಹಿಡಿದು ಕರೆತಂದ. ಸುದ್ದಿ ಹಬ್ಬಿತು. ವರ್ಷಗಟ್ಟಲೆ ಗ್ರಂಥಾಲಯದ ಮೆಟ್ಟಿಲು ಹತ್ತದವರೆಲ್ಲ ತಮ್ಮ ಹುಟ್ಟಿನ ಕತೆ ಹೊತ್ತು ಬಂದು ಸಾಲಾಗಿ ನಿಂತರು.

ಪುಸ್ತಕ ಸಿದ್ಧವಾಯಿತು. ಮುಖಪುಟದ ಒಳಹಾಳೆಯಲ್ಲಿ ಲೇಖಕಿಯ ಹೆಸರಿನ ಕೆಳಗೆ ತಮ್ಮ ಹೆಸರೂ ಬರಬೇಕೆಂದು ಮೇಡಂ ಪಟ್ಟು ಹಿಡಿದರು. ನಮ್ಮ ಪ್ರಕಾಶಕರು ರಾಗ ಎಳೆದರು: “ಸೂಚಿ ಮಾಡಿದವರ ಹೆಸರು ಹಾಕೋ ಪದ್ಧತಿ ಇಲ್ಲವಲ್ಲ ಮೇಡಂ.”

“ಇಲ್ಲದಿದ್ರೆ ಇವತ್ತಿಂದ ಶುರುವಾಗಲಿ. ನಾನು ಸಂಕೋಚದ ಹೆಂಗಸಲ್ಲ. ಕೆಲಸ ಮಾಡಿದೀನಿ, ಹೆಸರು ಹಾಕಿ.”

ಮೇಡಂ ಜೊತೆ ಬಂದಿದ್ದ ಅಜ್ಜಿ ಕೂತಲ್ಲಿಂದಲೇ, “ನನ್ನದಕ್ಕಿಂತ ದಪ್ಪ ಅಕ್ಷರದಲ್ಲಿ ಹಾಕಪ್ಪಾ” ಎಂದರು. ಎರಡು ಹೆಸರೂ ಒಂದೇ ಅಳತೆಯಲ್ಲಿ ಬಂದವು.

ಬಿಡುಗಡೆ ನಡೆದದ್ದು ವಾಚನಾಲಯದಲ್ಲೇ. ಕುರ್ಚಿಗಳು ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ ಕೂತಿದ್ದರು. ಅಜ್ಜಿ ಮೈಕು ಹಿಡಿದು, “ನನ್ನ ಕೈಯಲ್ಲಿ ಹುಟ್ಟಿದವರು ಯಾರ್ಯಾರು ಬಂದಿದೀರಿ, ಎದ್ದು ನಿಲ್ಲಿ ನೋಡೋಣ” ಎಂದರು. ಸಭೆಯ ಮುಕ್ಕಾಲು ಪಾಲು ಎದ್ದು ನಿಂತಿತು. ವೇದಿಕೆಯಲ್ಲಿ ಮೇಡಂ ಅಜ್ಜಿಯ ಪಕ್ಕದಲ್ಲೇ ಕೂತಿದ್ದರು. ಚಪ್ಪಾಳೆಗೆ ತಲೆತಗ್ಗಿಸಲಿಲ್ಲ, ಬಾಯಿತುಂಬ ನಕ್ಕರು. ಮೊದಲ ಮುದ್ರಣ ಐದು ವಾರದಲ್ಲಿ ಮುಗಿಯಿತು. ಆಡಳಿತ ಮಂಡಳಿಯವರು ಮುಜುಗರಪಟ್ಟುಕೊಂಡು ಪೂರ್ತಿ ಹೊತ್ತಿನ ಹುದ್ದೆ ವಾಪಸ್ ಕೊಡುತ್ತೇವೆ ಎಂದಾಗ, ಇನ್ನೊಬ್ಬರನ್ನು ನೇಮಿಸಿ ಬೆಳಿಗ್ಗೆಯೂ ಬಾಗಿಲು ತೆರೆಯಿರಿ, ನನಗೆ ಬೆಳಿಗ್ಗೆ ಪುರುಸೊತ್ತಿಲ್ಲ ಎಂದು ಮೇಡಂ ಬರೆದುಕೊಟ್ಟರು. ಹಾಗೆಯೇ ಆಯಿತು.

ಬರೆಯುವವರನ್ನು ಲೋಕ ಕೊಂಡಾಡುತ್ತದೆ, ಓದುವವರನ್ನು ಮೆಚ್ಚುತ್ತದೆ. ಇವರಿಬ್ಬರ ನಡುವಿನ ಹಾದಿಯನ್ನು ಮುಚ್ಚಿಹೋಗದಂತೆ ಕಾಯುವವರು ಬೇರೆಯೇ ಒಂದು ಕುಲ. ಮುಂದೊಂದು ದಿನ ಯಾರೋ ಒಬ್ಬರು ಏನನ್ನೋ ಹುಡುಕಿಕೊಂಡು ಬರುತ್ತಾರೆ ಎಂಬುದಷ್ಟೇ ಅವರ ನಂಬಿಕೆ. ಬರುವವರು ಯಾರೆಂದು ತಿಳಿಯದು, ಯಾವಾಗೆಂದು ತಿಳಿಯದು, ಬರುತ್ತಾರೋ ಇಲ್ಲವೋ ಅದೂ ತಿಳಿಯದು. ಆದರೂ ಆ ಅಪರಿಚಿತ ಅತಿಥಿ ಬಾಗಿಲಲ್ಲಿ ನಿಂತು ತಡವರಿಸಬಾರದೆಂದು ಅವರು ದಿನವೂ ಒಂದಿಷ್ಟು ದುಡಿಯುತ್ತಾರೆ. ಅಂಥವರಿರುವ ಊರಿನಲ್ಲಿ ಯಾವುದೂ ಪೂರ್ತಿಯಾಗಿ ಕಳೆದುಹೋಗುವುದಿಲ್ಲ. ಕೇಳುವವರು ಬರುವ ತನಕ ತನ್ನ ಜಾಗದಲ್ಲಿ ಕಾದಿರುತ್ತದೆ.